ತಳಿ, ಕಸಿ, ಹೈಬ್ರಿಡ್: ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ. ಈಗ ಇಪ್ಪತ್ತೆರಡು ವರ್ಷದಿಂದ ಫೋಂಡಾದಲ್ಲಿದ್ದೇನೆ. ಕಸಿ ಗಿಡ ಮಾಡುವುದು ನನ್ನ ಕೆಲಸ. ವಾಸ್ಕೊ, ಮಡಗಾಂವ್, ಮಾಪ್ಸಾ ಕಡೆ ಇರುವ ನಮ್ಮವರಲ್ಲಿ ತುಂಬಾ ಜನಕ್ಕೆ ಊರಿನಲ್ಲಿ ಇನ್ನೂ ತೋಟ ಇದೆ. ಅಣ್ಣನೋ ಚಿಕ್ಕಪ್ಪನೋ ನೋಡಿಕೊಳ್ಳುತ್ತಿರುತ್ತಾರೆ. ಚೌತಿಗೆ, ದೀಪಾವಳಿಗೆ ಊರಿಗೆ ಹೊರಡುವ ಮೊದಲು ನನಗೆ ಫೋನು ಬರುತ್ತದೆ: "ಇಲ್ಲಿಂದ ಒಳ್ಳೆ ತಳಿ ಏನಾದರೂ ಒಯ್ಯಲಾ?" ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾಟಿ, ಆಯ್ಕೆ ತಳಿ, ಹೈಬ್ರಿಡ್ ಅಂತಾರಲ್ಲ, ವ್ಯತ್ಯಾಸ ಏನು?

ನಾಟಿ ಅಂದರೆ ನಮ್ಮ ಹಿರಿಯರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದದ್ದು. ಅದರಲ್ಲೇ ಚೆನ್ನಾಗಿ ಫಸಲು ಕೊಡುವ ಮರವನ್ನೋ ಬಳ್ಳಿಯನ್ನೋ ಹುಡುಕಿ, ಹಲವು ಕಡೆ ನೆಟ್ಟು, ವರ್ಷಗಟ್ಟಲೆ ಅಳೆದು ನೋಡಿ ಹೆಸರು ಕೊಟ್ಟರೆ ಅದು ಆಯ್ಕೆ ತಳಿ. ಎರಡು ಬೇರೆ ತಳಿಗಳ ಹೂವನ್ನು ಕೈಯಾರೆ ಕೂಡಿಸಿ ಮಾಡಿದ್ದು ಹೈಬ್ರಿಡ್.

ತೋಟದ ಬೆಳೆಗಳಲ್ಲಿ ಇಂದು ಹೆಸರು ಮಾಡಿದ ತಳಿಗಳಲ್ಲಿ ಆಯ್ಕೆ ತಳಿಗಳೇ ಜಾಸ್ತಿ. ಅಂದರೆ ಅವುಗಳ ಮೂಲ ಯಾರೋ ಒಬ್ಬ ರೈತರ ಹಿತ್ತಿಲಲ್ಲೇ ಇತ್ತು. ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ (ಐಐಎಸ್‌ಆರ್) ಶ್ರೀಕರ, ಶುಭಕರ ಎಂಬ ಮೆಣಸಿನ ತಳಿಗಳನ್ನೇ ನೋಡಿ. ಅವೆರಡೂ ಕೇರಳದ ಹಳೆಯ ನಾಟಿ ತಳಿ ಕರಿಮುಂಡದಿಂದ ಆರಿಸಿದವು. ಹೊಸ ತಳಿ ಅಂದ ಕೂಡಲೇ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಅಂದುಕೊಳ್ಳಬೇಡಿ.

ಒಂದು ತಳಿ ಬರಲು ಇಷ್ಟು ವರ್ಷ ಯಾಕೆ ಬೇಕು?

ಭತ್ತಕ್ಕೆ ನಾಲ್ಕು ತಿಂಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಅಡಿಕೆಗೆ ಐದಾರು ವರ್ಷ, ಎತ್ತರದ ತೆಂಗಿಗೆ ಆರೇಳು ವರ್ಷ ಬೇಕು, ಅದೂ ಮೊದಲ ಹೂವಿಗೆ ಮಾತ್ರ. ಆಮೇಲೆ ಫಸಲು ಒಂದು ಹದಕ್ಕೆ ಬರಬೇಕು. ಹಲವು ವರ್ಷದ ಲೆಕ್ಕ ಇಡಬೇಕು. ಬೇರೆ ಬೇರೆ ಮಣ್ಣಿನಲ್ಲಿ, ಮಳೆಯಲ್ಲಿ ನೆಟ್ಟು ನೋಡಬೇಕು. ಒಬ್ಬ ವಿಜ್ಞಾನಿ ಕೆಲಸಕ್ಕೆ ಸೇರಿದ ವರ್ಷ ಮಾಡಿದ ತೆಂಗಿನ ಸಂಕರ ಅವರು ನಿವೃತ್ತರಾಗುವ ಹೊತ್ತಿಗೆ ರೈತರ ಕೈಗೆ ಬಂದರೆ ಅದು ಬೇಗ ಬಂತು ಅಂತಲೇ ಲೆಕ್ಕ. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ನಮ್ಮ ತೋಟದಲ್ಲಿ ಹೈಬ್ರಿಡ್ ಗಿಡ್ಡ ಅಡಿಕೆ ಇದೆ. ಅದರ ಅಡಿಕೆ ಹಾಕಿ ಸಸಿ ಮಾಡಿ ಹಂಚಬಹುದಾ?

ದಯವಿಟ್ಟು ಬೇಡ. ಜನ ಅತಿ ಹೆಚ್ಚು ಮೋಸಹೋಗುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ತುಮಕೂರಿನ ಹಿರೇಹಳ್ಳಿಯಲ್ಲಿ ತಾನಾಗಿ ಗಿಡ್ಡವಾಗಿ ಬೆಳೆದ ಅಡಿಕೆ ಸಿಕ್ಕಿತು. ಅದಕ್ಕೆ ಹಿರೇಹಳ್ಳಿ ಗಿಡ್ಡ ಎಂದೇ ಹೆಸರು. ಮರ ಗಿಡ್ಡ ನಿಜ, ಆದರೆ ಅದರ ಇಳುವರಿ ಹೇಳಿಕೊಳ್ಳುವಂಥದ್ದಲ್ಲ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದವರು ಅದರ ಗಿಡ್ಡತನವನ್ನೂ ಒಳ್ಳೆ ತಳಿಗಳ ಇಳುವರಿಯನ್ನೂ ಕೂಡಿಸಲು ಹೊರಟರು. ಹಿರೇಹಳ್ಳಿ ಗಿಡ್ಡಕ್ಕೆ ಸುಮಂಗಳ ಎಂಬ ತಳಿಯ ಪರಾಗ ಹಾಕಿದರು, ಅದು ವಿಟಿಎಲ್‌ಎಎಚ್-1 ಆಯಿತು. ಮೋಹಿತ್‌ನಗರದ ಪರಾಗ ಹಾಕಿದ್ದು ವಿಟಿಎಲ್‌ಎಎಚ್-2. ಸುಮಂಗಳದ ಮೂಲ ಇಂಡೋನೇಷ್ಯಾ, ಮೋಹಿತ್‌ನಗರದ್ದು ಪಶ್ಚಿಮ ಬಂಗಾಳ. ಎಲ್ಲಿಂದ ಎಲ್ಲಿಗೆ ಸಂಬಂಧ ಕೂಡಿತು ನೋಡಿ.

ಈಗ ಸಿಂಗಾರದ, ಅಂದರೆ ಅಡಿಕೆಯ ಹೂಗೊಂಚಲಿನ ವಿಷಯ. ಅಡಿಕೆಯ ಒಂದೇ ಸಿಂಗಾರದಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ. ಆದರೆ ಗಂಡು ಹೂವು ಮೊದಲು ಅರಳಿ ಉದುರುತ್ತದೆ. ಹೆಣ್ಣು ಹೂವು ಅರಳುವ ಹೊತ್ತಿಗೆ ಪರಾಗ ಬರಬೇಕಾದದ್ದು ಹೆಚ್ಚಾಗಿ ಬೇರೆ ಮರದಿಂದ. ಅಂದರೆ ನಿಮ್ಮ ಹೈಬ್ರಿಡ್ ಮರದ ಅಡಿಕೆಗೆ ತಾಯಿ ಯಾರು ಅಂತ ಗೊತ್ತು, ತಂದೆ ಯಾರು ಅಂತ ಗೊತ್ತಿಲ್ಲ. ಹೈಬ್ರಿಡ್‌ಗೆ ಹೈಬ್ರಿಡ್‌ನದೇ ಪರಾಗ ಬಿತ್ತು ಅಂದುಕೊಂಡರೂ ಮುಂದಿನ ಸಸಿಗಳಲ್ಲಿ ಅಜ್ಜ ಅಜ್ಜಿಯ ಗುಣಗಳು ಬಿಡಿಬಿಡಿಯಾಗಿ ಹಂಚಿಹೋಗುತ್ತವೆ. ಒಂದು ಗಿಡ್ಡ, ಒಂದು ಉದ್ದ, ಒಂದು ಅರೆಬರೆ.

ನಮ್ಮ ಮನೆಯಲ್ಲೇ ಇದು ಆಗಿದೆ. ಅಣ್ಣ ಒಂದು ನರ್ಸರಿಯಿಂದ ಹೈಬ್ರಿಡ್ ಅಂತ ನಂಬಿ ಅರವತ್ತು ಸಸಿ ತಂದು ನೆಟ್ಟ. ಆರು ವರ್ಷ ಗೊಬ್ಬರ, ನೀರು, ಮಣ್ಣು ಎಲ್ಲ ಹಾಕಿದ. ಕೊನೆಗೆ ನೋಡಿದರೆ ಒಂದರಂತೆ ಒಂದಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಸುಮ್ನೆ ಮರಗಳನ್ನು ನೋಡುತ್ತಿದ್ದರು. ದುಡ್ಡು ಹೋದರೆ ದುಡಿಯಬಹುದು. ಆ ಆರು ವರ್ಷ ಎಲ್ಲಿಂದ ತರೋಣ? ಸಸಿಯ ತಾಯಿ ಮರ ತೋರಿಸಿ ಅಂತ ಕೇಳುವ ರೂಢಿ ನನಗೆ ಬಂದದ್ದು ಅಲ್ಲಿಂದ.

ಕೈಯಲ್ಲಿ ಪರಾಗ ಹಾಕಿ ಮಾಡುವ ಸಸಿ ಕಡಿಮೆ ಸಿಗುತ್ತದೆ, ಕಾಯಬೇಕಾಗುತ್ತದೆ. ಅದಕ್ಕೇ ಎಳೆ ಸಿಂಗಾರದ ಚೂರಿನಿಂದ ಅಂಗಾಂಶ ಕೃಷಿಯಲ್ಲಿ ಸಸಿ ಮಾಡುವ ಕೆಲಸವನ್ನೂ ಸಂಶೋಧಕರು ಹಿಡಿದಿದ್ದಾರೆ. ಹಳದಿ ಎಲೆ ರೋಗದ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಉಳಿಸಿ ಹೆಚ್ಚಿಸಲು ಇದೇ ದಾರಿ.

ಹಾಗಾದರೆ ನಮ್ಮ ತೋಟದ್ದೇ ಬೀಜದ ಅಡಿಕೆ ಆರಿಸುವುದು ಹೇಗೆ?

ಎತ್ತರದ ತಳಿಗಳಾದರೆ ಮನೆಯಲ್ಲೇ ಆರಿಸಬಹುದು. ಬೇಗ ಫಲಕ್ಕೆ ಬಂದ, ಗಂಟು ಹತ್ತಿರ ಹತ್ತಿರ ಇರುವ, ವರ್ಷ ತಪ್ಪದೆ ಕೊನೆ (ಅಡಿಕೆ ಗೊನೆ) ಬಿಡುವ ಮರ ತಾಯಿಯಾಗಬೇಕು. ಒಂದು ವರ್ಷ ನೋಡಿ ತೀರ್ಮಾನ ಮಾಡಬೇಡಿ. ಪೂರ್ತಿ ಹಣ್ಣಾದ, ತೂಕದ ಅಡಿಕೆ ತೆಗೆದು ನೀರಿಗೆ ಹಾಕಿ. ತೊಟ್ಟಿನ ತುದಿ ಮೇಲೆ ಮಾಡಿ ನೆಟ್ಟಗೆ ತೇಲುವುದನ್ನು ಆರಿಸಿ. ಅದರ ಸಸಿ ಗಟ್ಟಿಯಾಗಿ ಬರುತ್ತದೆ. ಸಸಿ ನೆಡುವಾಗ ಉದ್ದ ನೋಡಿ ಮರುಳಾಗಬೇಡಿ. ಬುಡ ದಪ್ಪ ಇದೆಯಾ, ಎಲೆ ಎಷ್ಟು ಅಂತ ನೋಡಿ. ಒಂದರಿಂದ ಒಂದೂವರೆ ವರ್ಷದ, ಐದು ಎಲೆಗೆ ಕಡಿಮೆ ಇಲ್ಲದ ಸಸಿ ಸಾಕು.

ವಿಟ್ಲದಿಂದ 1972ರಲ್ಲಿ ಬಂದ ಮಂಗಳ ತಳಿಯ ಮೂಲ ಚೀನಾ. ಅದು ಇಲ್ಲಿ ಒಗ್ಗಿತು ಅಂತ ಎಲ್ಲ ಹೊರಗಿನದೂ ಒಗ್ಗಬೇಕೆಂದಿಲ್ಲ. ಶಿರಸಿ ಸೀಮೆಯಲ್ಲಿ ಕೆಂಪಡಿಕೆಗೆ ಊರಿನ ತಳಿಯೇ ಒಳ್ಳೆಯದು ಅನ್ನುವವರ ಮಾತಿನಲ್ಲಿ ಅನುಭವ ಇದೆ.

ಪಣಿಯೂರು-1 ಎಲ್ಲಕ್ಕಿಂತ ಒಳ್ಳೆ ಮೆಣಸು ಹೌದಾ? ನಮ್ಮಲ್ಲಿ ಕಾಳೇ ಕಟ್ಟುತ್ತಿಲ್ಲ.

ನಿಮ್ಮ ಅಡಿಕೆ ತೋಟದಲ್ಲಿ ನೆರಳು ಜಾಸ್ತಿ ಇರಬೇಕು. ಪಣಿಯೂರು-1 ಜಗತ್ತಿನ ಮೊದಲ ಹೈಬ್ರಿಡ್ ಕಾಳುಮೆಣಸು. ಕಣ್ಣೂರು ಜಿಲ್ಲೆಯ ಪಣಿಯೂರಿನ ಕೇಂದ್ರದಲ್ಲಿ ಉದಿರಂಕೋಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ಎರಡು ಬಳ್ಳಿಗಳನ್ನು ಕೂಡಿಸಿ ಮಾಡಿದ್ದು. 1971ರಲ್ಲಿ ಬಿಡುಗಡೆಯಾಯಿತು. ಉದ್ದನೆಯ ಕರೆ (ಕಾಳು ಕಟ್ಟುವ ತೆನೆ), ದಪ್ಪ ಕಾಳು, ನೋಡಲು ಚೆಂದ. ಆದರೆ ಅದಕ್ಕೆ ಬೆಳಕು ಬೇಕು. ದಟ್ಟ ನೆರಳಿನಲ್ಲಿ ಎಲೆ ಬೆಳೆಯುತ್ತದೆ, ಕಾಳು ಕಡಿಮೆ. ತಳಿ ಕೆಟ್ಟದ್ದಲ್ಲ, ಜಾಗ ಹೊಂದಲಿಲ್ಲ.

ಮೆಣಸಿನ ಸಂಕರ ಮಾಡುವುದನ್ನು ಒಮ್ಮೆ ನೋಡಬೇಕು ನೀವು. ಬೆಳೆಸಿದ ಬಳ್ಳಿಯ ಪುಟ್ಟ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಹೆಣ್ಣು ಭಾಗ ಮೊದಲು ತಯಾರಾಗುತ್ತದೆ. ಆ ಹೊತ್ತಿಗೆ ಕರೆಗೆ ಚೀಲ ಕಟ್ಟಿ, ಬೇರೆ ಬಳ್ಳಿಯ ಪರಾಗವನ್ನು ನೀರಿನಲ್ಲಿ ಕಲಸಿ ಕುಂಚದಿಂದ ಹಚ್ಚುತ್ತಾರೆ. ತೋಟದಲ್ಲಿ ಈ ಕೆಲಸ ಮಾಡುವುದು ಮಳೆ ಹನಿ. ಕಾಡಿನ ಮೆಣಸು ಹೀಗಲ್ಲ. ಅಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎರಡೂ ಒಂದೇ ಹೂವಿನಲ್ಲಿರುವ ಬಳ್ಳಿಯನ್ನು ಕಾಡಿನಿಂದ ಗುರುತಿಸಿ ಮನೆಗೆ ತಂದವರು ಶಾಲೆ ಕಲಿತವರಲ್ಲ. ಮೊದಲ ತಳಿ ವಿಜ್ಞಾನಿಗಳು ಅವರೇ.

ಸೊರಗು ರೋಗ ಬಾರದ ಮೆಣಸು ಇದೆಯಾ?

ಬಾರದ್ದು ಇಲ್ಲ. ತಡೆದುಕೊಳ್ಳುವುದು ಇದೆ. ಐಐಎಸ್‌ಆರ್ ತೇವಂ, ಐಐಎಸ್‌ಆರ್ ಶಕ್ತಿ ಇಂಥವು. ಈ ರೋಗಕ್ಕೆ ಕಾರಣ ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿ, ನೀರಿನಲ್ಲಿ ಈಜಿಕೊಂಡು ಬೇರಿಗೆ ಬರುತ್ತದೆ. ಬುಡದಲ್ಲಿ ನೀರು ನಿಂತರೆ ಯಾವ ತಳಿಯೂ ನಿಮ್ಮನ್ನು ಕಾಪಾಡಲಾರದು. ಬಸಿಗಾಲುವೆ ಮೊದಲು, ತಳಿ ಆಮೇಲೆ. ಬೇರಿನ ಜಂತುಹುಳುವಿಗೆ ಪೌರ್ಣಮಿ ಎಂಬ ತಳಿ ತಡೆ ಒಡ್ಡುತ್ತದೆ.

ಹಿಪ್ಪಲಿ ಕಸಿಯ ಬಗ್ಗೆಯೂ ಕೇಳುತ್ತಾರೆ. ಪೈಪರ್ ಕೊಲುಬ್ರೈನಂ ಎಂಬ ದಕ್ಷಿಣ ಅಮೆರಿಕದ ಈ ಹಿಪ್ಪಲಿ ಗಿಡಕ್ಕೆ ಈ ರೋಗ ತಾಗುವುದಿಲ್ಲ. ಅದರ ಬುಡಕ್ಕೆ ನಮ್ಮ ಮೆಣಸಿನ ಕುಡಿ ಕಸಿ ಕಟ್ಟುತ್ತಾರೆ. ನಾನೂ ಕಟ್ಟುತ್ತೇನೆ. ಆದರೆ ಕೊಡುವಾಗ ಒಂದು ಮಾತು ಹೇಳಿಯೇ ಕೊಡುತ್ತೇನೆ: ಇದು ನೀರಿನ ಗಿಡ. ಬೇಸಿಗೆಯಲ್ಲಿ ನೀರು ಹಾಯಿಸಲು ಆಗದ ಬೆಟ್ಟದ ಜಾಗಕ್ಕೆ ಒಯ್ಯಬೇಡಿ. ಕೆಲವು ವರ್ಷದ ಮೇಲೆ ಕಸಿಯ ಗಂಟೇ ಹೊಂದದೆ ಬಳ್ಳಿ ಸೋಲುವುದೂ ಉಂಟು.

ವಾಸ್ಕೊದಲ್ಲಿ ಫ್ಲಾಟು. ಬಾಲ್ಕನಿಯಲ್ಲಿ ಮೆಣಸು ಬರುತ್ತದಾ?

ಖಂಡಿತ ಬರುತ್ತದೆ. ಮೇಲೆ ಹತ್ತುವ ಬಳ್ಳಿಯ ಕಡ್ಡಿ ನೆಟ್ಟರೆ ಹತ್ತಲು ಮರ ಬೇಕು. ಅಡ್ಡಕ್ಕೆ ಚಾಚುವ, ಕಾಳು ಬಿಡುವ ರೆಂಬೆಯ ಕಡ್ಡಿ ಬೇರು ಬಿಡಿಸಿದರೆ ಅದು ಹತ್ತುವುದೇ ಇಲ್ಲ, ಪೊದೆಯಾಗಿಯೇ ಇರುತ್ತದೆ. ಅದೇ ಪೊದೆ ಮೆಣಸು. ಎರಡರ ವಂಶವೂ ಒಂದೇ, ಗುಣ ಮಾತ್ರ ರೆಂಬೆ ನೆನಪಿಟ್ಟುಕೊಂಡಂತೆ. ನನ್ನ ಬಾಗಿಲಲ್ಲಿ ಕುಂಡದಲ್ಲಿ ಎರಡು ಪೊದೆ ಇವೆ, ಸಾರಿಗೆ ಹಸಿ ಮೆಣಸು ಅಲ್ಲಿಂದಲೇ.

ಜಾಯಿಕಾಯಿ ಗಿಡಕ್ಕೆ ಏಳು ವರ್ಷ ಆಯ್ತು. ಹೂ ಬಂತು, ಕಾಯಿ ಇಲ್ಲ. ಏನು ಮಾಡಲಿ?

ಗಂಡು ಗಿಡ ಇರಬೇಕು. ಮಡಗಾಂವ್‌ನ ಒಬ್ಬ ಅಕ್ಕ ಈ ಮಾತು ಕೇಳಿ ಕಣ್ಣೀರು ಹಾಕಿದ್ದರು, ಮಗನ ಹಾಗೆ ಸಾಕಿದ್ದೆ ಅಂತ. ಕಡಿಯಬೇಡಿ, ದಾರಿ ಇದೆ.

ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬಂದ ಗಿಡಗಳಲ್ಲಿ ಸುಮಾರು ಅರ್ಧಕ್ಕೆ ಅರ್ಧ ಗಂಡು. ಹೂ ಬರುವ ತನಕ ಕಣ್ಣಿಗೆ ಗೊತ್ತಾಗುವುದಿಲ್ಲ. ಫೋಂಡಾದ ಹಳೆಯ ಕುಳಾಗರಗಳಲ್ಲಿ ಎರಡೂ ಇರುತ್ತವೆ. ಕುಳಾಗರ ಅಂದರೆ ಇಲ್ಲಿನವರ ಅಡಿಕೆ ತೋಟ, ನಮ್ಮದರ ಅಣ್ಣತಮ್ಮ. ಹೊಸದಾಗಿ ನೆಡುವವರು ಹೆಣ್ಣು ಮರದ ಕಸಿ ಗಿಡವನ್ನೇ ನೆಡಿ. ಹತ್ತು ಹೆಣ್ಣಿಗೆ ಒಂದು ಗಂಡು ಇದ್ದರೆ ಸಾಕು. ಈಗಾಗಲೇ ಇರುವ ಗಂಡು ಮರವನ್ನು ಮೇಲೆ ಕಡಿದು, ಚಿಗುರಿಗೆ ಹೆಣ್ಣು ಮರದ ಕುಡಿ ಕಸಿ ಕಟ್ಟಬಹುದು. ಆ ಅಕ್ಕನ ಮರಕ್ಕೆ ಹಾಗೇ ಮಾಡಿದೆವು.

ಕಸಿಗೆ ಕುಡಿ ಆರಿಸುವಾಗಲೂ ಎಚ್ಚರ ಬೇಕು. ನೆಟ್ಟಗೆ ಮೇಲೇರುವ ಕುಡಿ ಕಟ್ಟಿದರೆ ಗಿಡ ನೆಟ್ಟಗೆ ಮರವಾಗುತ್ತದೆ. ಅಡ್ಡ ರೆಂಬೆಯ ಕುಡಿ ಕಟ್ಟಿದರೆ ಜೀವಮಾನ ಪೂರ್ತಿ ಅಡ್ಡಡ್ಡ ಹರಡುತ್ತದೆ. ಐಐಎಸ್‌ಆರ್ ವಿಶ್ವಶ್ರೀ, ಮಹಾರಾಷ್ಟ್ರದ ದಾಪೋಲಿಯ ಕೊಂಕಣ ಸುಗಂಧ ಹೆಸರಾದ ತಳಿಗಳು.

ಮುರುಗಲಿಗೂ ಇದೇ ಕಥೆಯಾ?

ಹೌದು. ನಮ್ಮ ಮುರುಗಲು, ಮಂಗಳೂರಿನವರ ಪುನರ್ಪುಳಿ, ಇಲ್ಲಿನವರ ಭಿರಂಡ, ಎಲ್ಲ ಒಂದೇ. ಕಸಿ ಗಿಡವನ್ನೇ ತನ್ನಿ. ಕೊಂಕಣ ಅಮೃತ, ಕೊಂಕಣ ಹಾತೀಸ್ ಎರಡೂ ದಾಪೋಲಿ ಕೃಷಿ ವಿದ್ಯಾಪೀಠದ ಆಯ್ಕೆಗಳು.

ಗೋವಾದಲ್ಲಿ ಇದ್ದುಕೊಂಡು ಊರಿಗೆ ಗೇರು ಒಯ್ಯುವುದಾದರೆ ಯಾವುದು?

ಗೇರು ಈ ನೆಲಕ್ಕೆ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದ ಬಂತು. ಹದಿನಾರನೇ ಶತಮಾನದ ಮಾತು. ಆಮೇಲೆ ಇಲ್ಲಿ ಬೀಜ ಬಿದ್ದಲ್ಲೆಲ್ಲ ಮೊಳೆತದ್ದರಿಂದ ಗುಡ್ಡದ ಒಂದೊಂದು ಮರವೂ ಒಂದೊಂದು ಥರ. ಹಳದಿ ಹಣ್ಣು, ಕೆಂಪು ಹಣ್ಣು, ಸಣ್ಣ ಬೀಜ, ದಪ್ಪ ಬೀಜ. ತಳಿ ಹುಡುಕುವವರಿಗೆ ಇದು ಚಿನ್ನದ ಗಣಿ. ಬಾಳ್ಳಿ ಎಂಬ ಊರಿನಲ್ಲಿ ಸಿಕ್ಕ ಇಂಥ ಒಂದು ಮರದಿಂದಲೇ ಗೋವಾ-1 ಬಂತು. ಅದನ್ನು ಆರಿಸಿದ್ದು ಹಳೆ ಗೋವಾದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ. ಆ ಸಂಸ್ಥೆ 1976ರಲ್ಲಿ ಶುರುವಾದಾಗ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಸ್ಥೆಯ ಕೆಳಗೇ ಇತ್ತು.

ಪುತ್ತೂರಿನ ಗೇರು ಸಂಶೋಧನಾಲಯದ ಭಾಸ್ಕರ ತಳಿಯ ಮೂಲವೂ ಗೋವಾದ್ದು. ಅದರ ವಿಶೇಷ ಹೂ ಬಿಡುವ ಕಾಲ. ಚಿಗುರು, ಹೂವಿನ ರಸ ಹೀರುವ ಚಹಾ ಸೊಳ್ಳೆ ಎಂಬ ಕೀಟದ ಕಾಟದಿಂದ ಅದು ಎಷ್ಟೋ ಪಾಲು ತಪ್ಪಿಸಿಕೊಳ್ಳುತ್ತದೆ. ಗೋವಾದ ಉತ್ತರಕ್ಕೆ ಕೂಗಳತೆಯಲ್ಲಿರುವ ವೆಂಗುರ್ಲಾದ ವೆಂಗುರ್ಲಾ-4, ವೆಂಗುರ್ಲಾ-7 ಹೈಬ್ರಿಡ್‌ಗಳೂ ಇಡೀ ಕರಾವಳಿಯಲ್ಲಿ ಹೆಸರು ಮಾಡಿವೆ. ವೆಂಗುರ್ಲಾ-7ರ ಬೀಜ ಸುಮಾರು ಹತ್ತು ಗ್ರಾಂ ತೂಗುತ್ತದೆ.

ಗೇರಿನಲ್ಲಿ ಹೈಬ್ರಿಡ್ ಆದರೂ ಹೆದರಿಕೆ ಇಲ್ಲ. ಒಂದು ಮರ ಒಳ್ಳೆಯದಾದರೆ ಅದರ ಕುಡಿ ಕಸಿ ಕಟ್ಟುತ್ತಾ ಹೋಗಬಹುದು, ಗುಣ ಕದಲುವುದಿಲ್ಲ. ಅಡಿಕೆ, ತೆಂಗಿಗೆ ಈ ಭಾಗ್ಯ ಇಲ್ಲ. ಅವಕ್ಕೆ ಒಂದೇ ಕುಡಿ, ಕಸಿ ಕಟ್ಟಲು ರೆಂಬೆಯೇ ಇಲ್ಲ. ಗೋವಾದವರಿಗೆ ಬೀಜದ ಜೊತೆ ಫೆಣಿಗೆ ಹಣ್ಣಿನ ರಸವೂ ಬೇಕು. ನಮ್ಮ ಊರಿನಲ್ಲಿ ಹಣ್ಣು ಗುಡ್ಡದಲ್ಲೇ ಕೊಳೆಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಾಣಾವಳಿ ತೆಂಗು ಅಂತ ಹೇಳುತ್ತಾರೆ. ಅದು ಇಲ್ಲಿಯದೇ?

ಇಲ್ಲಿಯದೇ. ಮಡಗಾಂವ್ ಹತ್ತಿರದ ಬಾಣಾವಳಿ ಊರಿನ ಹೆಸರು. ಆ ಎತ್ತರದ ತೆಂಗಿನಿಂದ ದಾಪೋಲಿಯವರು ಆರಿಸಿದ ತಳಿಗೆ ಪ್ರತಾಪ್ ಎಂದು ಹೆಸರು.

ತೆಂಗಿನ ಮೊದಲ ಹೈಬ್ರಿಡ್ ಆದದ್ದೂ ನಮ್ಮ ಕರಾವಳಿಯಲ್ಲೇ, ಕಾಸರಗೋಡಿನ ಬಳಿಯ ನೀಲೇಶ್ವರದಲ್ಲಿ, 1932ರಲ್ಲಿ. ಜೆ.ಎಸ್. ಪಟೇಲ್ ಎಂಬ ವಿಜ್ಞಾನಿ ಎತ್ತರದ ಮರಕ್ಕೆ ಗಿಡ್ಡ ಮರದ ಪರಾಗ ಹಾಕಿದರು.

ಸಸಿ ಕೊಳ್ಳುವವರಿಗೆ ಒಂದು ಉಪಯೋಗದ ಗುರುತು ಹೇಳುತ್ತೇನೆ. ಚಂದ್ರ ಸಂಕರ ಎಂಬ ಹೈಬ್ರಿಡ್‌ಗೆ ತಾಯಿ ಕಿತ್ತಳೆ ಬಣ್ಣದ ಚಾವಕ್ಕಾಡ್ ಗಿಡ್ಡ, ತಂದೆ ಪಶ್ಚಿಮ ಕರಾವಳಿ ಎತ್ತರ. ಸಸಿಯ ಎಲೆದಂಟು ಕಿತ್ತಳೆಯಾಗಿಯೇ ಇದ್ದರೆ ಅದು ತಾಯಿಯ ಸ್ವಂತ ಪರಾಗದ ಮಗು, ಹೈಬ್ರಿಡ್ ಅಲ್ಲ. ಕಂದು ಬಣ್ಣಕ್ಕೆ ತಿರುಗಿದ್ದರೆ ನಿಜವಾದ ಸಂಕರ. ಯಾವ ಯಂತ್ರವೂ ಬೇಡ, ಕಣ್ಣು ಸಾಕು.

ಏಲಕ್ಕಿ?

ಗೋವಾದ ಬಿಸಿಲಿಗೆ ಹೊಂದುವುದು ಕಷ್ಟ, ನಾನು ಹೆಚ್ಚು ಬೆಳೆಸಿಲ್ಲ. ಇಡುಕ್ಕಿಯ ರೈತ ಸೆಬಾಸ್ಟಿಯನ್ ಜೋಸೆಫ್ ಆರಿಸಿದ ಞಳ್ಳಾನಿ ತಳಿ ಏಲಕ್ಕಿ ಬೇಸಾಯವನ್ನೇ ಬದಲಾಯಿಸಿತು. ಕಟ್ಟೆ ಎಂಬ ನಂಜುರೋಗ ಕಾಡುವ ಜಾಗಕ್ಕೆ ಐಐಎಸ್‌ಆರ್ ವಿಜೇತ ಇದೆ. ಅಂದಹಾಗೆ ಕಟ್ಟೆ ಎಂಬ ನಮ್ಮ ತೋಟದ ಮಾತನ್ನೇ ವಿಜ್ಞಾನಿಗಳು ಆ ರೋಗದ ಹೆಸರಾಗಿ ಎತ್ತಿಕೊಂಡಿದ್ದಾರೆ.

ಅರಿಶಿನ, ಶುಂಠಿಗೆ ಬೀಜವೇ ಇಲ್ಲವಲ್ಲ, ತಳಿ ಹೇಗೆ ಮಾಡುತ್ತಾರೆ?

ಒಳ್ಳೆ ಪ್ರಶ್ನೆ. ನಾವು ಬೆಳೆಯುವ ಅರಿಶಿನದಲ್ಲಿ ಗುಣಗಳನ್ನು ಹೊತ್ತೊಯ್ಯುವ ವರ್ಣತಂತುಗಳು ಎರಡು ಕಟ್ಟಿನ ಬದಲು ಮೂರು ಕಟ್ಟು ಇವೆ, ಒಟ್ಟು 63. ಮೂರನ್ನು ಸಮವಾಗಿ ಎರಡು ಪಾಲು ಮಾಡಲು ಬರುವುದಿಲ್ಲ, ಅಲ್ವಾ? ಹಾಗಾಗಿ ಬೀಜ ಕಟ್ಟುವುದು ಬಹಳ ಅಪರೂಪ. ಆದರೂ ಹುಡುಕಿ, ಸಿಕ್ಕ ಬೀಜಗಳನ್ನು ಮೊಳೆಸಿ ಪ್ರಭಾ, ಪ್ರತಿಭಾ ಎಂಬ ತಳಿಗಳನ್ನು ಆರಿಸಿದರು. ಶುಂಠಿ ಬೀಜ ಬಿಡುವುದೇ ಇಲ್ಲ ಅನ್ನಬೇಕು. ಅಲ್ಲಿ ಊರೂರು ಸುತ್ತಿ ಆರಿಸುವುದು, ಇಲ್ಲವೇ ವಿಕಿರಣ ಹಾಯಿಸಿ ಬದಲಾದ ಮೊಳಕೆ ಹುಡುಕುವುದು ದಾರಿ. ನಾಗರ ಪಂಚಮಿಯ ಎಲೆ ಕಡುಬಿಗೆ ಮಾತ್ರ ಬೇಕಾದರೆ ಯಾವ ಅರಿಶಿನವಾದರೂ ನಡೆಯುತ್ತದೆ, ಎಲೆ ಅಗಲ ಇದ್ದರಾಯಿತು.

ಇವೆಲ್ಲ ಕುಲಾಂತರಿ ಗಿಡಗಳಾ? ತಿಂದರೆ ತೊಂದರೆ ಇಲ್ಲವಾ?

ಅಲ್ಲ. ಮೇಲೆ ಹೇಳಿದ ಒಂದು ತಳಿಯೂ ಕುಲಾಂತರಿ ಅಲ್ಲ. ನಮ್ಮ ದೇಶದ ರೈತರು ಅಧಿಕೃತವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿ ಒಂದೇ. ಹೈಬ್ರಿಡ್ ಅಂದರೆ ಮದುವೆ ಮಾಡಿಸಿದ್ದು, ಅಷ್ಟೇ.

ತಳಿಗೆ ಹಕ್ಕು ಇರುತ್ತದಂತೆ. ಸಸಿ ಮಾಡಿ ನೆಂಟರಿಗೆ ಕೊಟ್ಟರೆ ಕೇಸು ಆಗುತ್ತದಾ?

ಆಗುವುದಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಇಟ್ಟುಕೊಳ್ಳಲು, ಬಿತ್ತಲು, ಹಂಚಲು, ಮಾರಲೂ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ನಿಮ್ಮ ಮನೆಯ ತಳಿಯನ್ನು ರೈತ ತಳಿಯಾಗಿ ನಿಮ್ಮ ಹೆಸರಿನಲ್ಲೇ ನೋಂದಾಯಿಸಲೂ ಬರುತ್ತದೆ.

ನಮ್ಮ ಊರಿನ ತೋಟದಲ್ಲಿ ಅಜ್ಜನ ಕಾಲದ ಒಂದು ಮೆಣಸಿನ ಬಳ್ಳಿ ಇದೆ. ತೆಗೆದು ಹೊಸ ತಳಿ ಹಾಕೋಣ ಅಂತಿದ್ದಾನೆ ತಮ್ಮ. ಏನು ಹೇಳಲಿ?

ಇಂದೇ ಫೋನು ಮಾಡಿ ನಿಲ್ಲಿಸಿ. ಮಲ್ಲಿಗೆಸರ, ಉದ್ದಗರೆ, ಕುರಿಮಲೆ ಇಂಥ ಹೆಸರುಗಳು ಉತ್ತರ ಕನ್ನಡದ ತೋಟಗಳಲ್ಲಿ ಇನ್ನೂ ಇವೆ. ಮುಂದಿನ ತಳಿಗೆ ಬೇಕಾದ ಗುಣ ಇವುಗಳಲ್ಲೇ ಎಲ್ಲೋ ಅಡಗಿರುತ್ತದೆ. ಸುತ್ತಲಿನ ಬಳ್ಳಿ ಸೊರಗಿದರೂ ಅದು ನಿಂತಿದ್ದರೆ ಅಂತೂ ಮುಟ್ಟಲೇಬೇಡಿ. ಕಡಿದ ಮೇಲೆ ಯಾವ ಸಂಸ್ಥೆಯೂ ಅದನ್ನು ಮತ್ತೆ ತಂದು ಕೊಡಲಾರದು.

ಮೊದಲು ಮನೆಯ ಹಿರಿಯರನ್ನು ಕೇಳಿ, ಬಳ್ಳಿಯ ಹೆಸರು, ಎಲ್ಲಿಂದ ಬಂತು ಅಂತ ಬರೆದಿಡಿ. ಮೂರು ವರ್ಷ ಹಸಿ ಕಾಳಿನ ತೂಕ, ಒಣಗಿದ ಮೇಲಿನ ತೂಕ ಎರಡೂ ಬರೆಯಿರಿ. ಬುಡದಿಂದ ಹೊರಡುವ ಹಬ್ಬು ಬಳ್ಳಿಯನ್ನು ಮಣ್ಣಿಗೆ ತಾಗದಂತೆ ಗೂಟಕ್ಕೆ ಸುತ್ತಿಡಿ. ಫೆಬ್ರುವರಿ, ಮಾರ್ಚ್‌ನಲ್ಲಿ ಕತ್ತರಿಸಿ, ಎರಡು ಮೂರು ಗಂಟಿನ ಕಡ್ಡಿ ಮಾಡಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ (ಚೀಲದಲ್ಲಿ) ನೆಟ್ಟರೆ ಮಳೆ ಶುರುವಾಗುವ ಹೊತ್ತಿಗೆ ಗಿಡ ತಯಾರು. ತಮ್ಮನಿಗೆ ಹೊಸ ತಳಿ ಬೇಕಿದ್ದರೆ ಬೇರೆ ಮರಕ್ಕೆ ಹಬ್ಬಿಸಲಿ. ನನಗೂ ನಾಲ್ಕು ಕಡ್ಡಿ ತನ್ನಿ. ಒದ್ದೆ ಗೋಣಿಯಲ್ಲಿ ಸುತ್ತಿದರೆ ಬಸ್ಸಿನಲ್ಲಿ ಒಂದು ರಾತ್ರಿ ತಡೆಯುತ್ತದೆ.